ಸೆರಗಿನೊಳಗಿನ ಕ್ಯಾಮೆರಾ

ಬಸು, ಗೌರಿ, ನಿಮ್ಮಜ್ಜಿ ಒಂದು ಸಲ ವಿಡಿಯೋ ಕ್ಯಾಮೆರಾ ಆರಿಸಲು ಹೊಸಪೇಟೆಗೆ ಹೋಗಿದ್ದಳು ಎಂದರೆ ನೀವು ನಗುತ್ತೀರಿ. ನಾನು ಮಾತ್ರ ಆಗ ಬಹಳ ಧೈರ್ಯದಿಂದಲೇ ಹೋಗಿದ್ದೆ. ನಲವತ್ತು ವರ್ಷ ಸಂತೆಯಲ್ಲಿ ಬದನೆಕಾಯಿ ಆರಿಸಿದವಳು ನಾನು. ನಿಮ್ಮಜ್ಜ ಬದುಕಿರುವವರೆಗೆ ನಾನು ತಂದ ಬದನೆಕಾಯಿಯಲ್ಲಿ ಒಂದು ಹುಳವೂ ಸಿಕ್ಕಿದ್ದಿಲ್ಲ. ಕ್ಯಾಮೆರಾಕ್ಕೆ ತೊಟ್ಟು ಇರುವುದಿಲ್ಲ, ಉಳಿದದ್ದೆಲ್ಲ ಒಂದೇ ಎಂದುಕೊಂಡಿದ್ದೆ.

ಅದು ಗಣಿಗಾರಿಕೆ ಜೋರಾಗಿದ್ದ ಕಾಲ. ನಮ್ಮೂರು ಹೊಸಪೇಟೆಗೂ ಸಂಡೂರಿಗೂ ನಡುವೆ ರಸ್ತೆಗೆ ಅಂಟಿಕೊಂಡೇ ಇದೆಯಲ್ಲ, ಅದಿರು ತುಂಬಿದ ಲಾರಿಗಳು ಹಗಲೂ ರಾತ್ರಿ ಒಂದರ ಬಾಲಕ್ಕೆ ಇನ್ನೊಂದು ಮೂತಿ ತಾಗಿಸಿಕೊಂಡು ಹೋಗುತ್ತಿದ್ದವು. ಮೇಲೆ ತಾಡಪತ್ರಿ ಹೊದಿಸುತ್ತಿರಲಿಲ್ಲ. ಬಾಳೆ ಎಲೆ ಕೆಂಪು, ಎಮ್ಮೆ ಕೆಂಪು, ಒಗೆದು ಹಾಕಿದ ಬಿಳಿ ಪಂಚೆ ಒಣಗುವಷ್ಟರಲ್ಲಿ ಅದೂ ಕೆಂಪು. ಅದನ್ನೆಲ್ಲ ಸಹಿಸಿಕೊಂಡಿದ್ದೆವು. ಆದರೆ ಬಸು, ನಿನಗೆ ಆಗ ಮೂರು ವರ್ಷ. ಉಸಿರು ಎಳೆದರೆ ನಿನ್ನ ಎದೆಯೊಳಗೆ ಗೊರಗೊರ ಸದ್ದು. ಡಾಕ್ಟರು "ಮಗೂನ ಧೂಳಿನಿಂದ ದೂರ ಇಡ್ರಿ" ಎಂದರು. ಊರೇ ಧೂಳಿನೊಳಗಿರುವಾಗ ನಿನ್ನನ್ನು ಎಲ್ಲಿ ಇಡುವುದು?

ನಮ್ಮ ಮಹಿಳಾ ಸಂಘದವರೆಲ್ಲ ಸೇರಿ ಸಂಡೂರಿನ ತಹಶೀಲ್ದಾರ ಸಾಹೇಬರಿಗೆ ಅರ್ಜಿ ಕೊಟ್ಟೆವು. ಅವರು ಕೆಟ್ಟವರಲ್ಲ. "ನಾನು ಬರೋದು ಗಣಿ ಕಂಪನಿಯವರಿಗೆ ಮೊದಲ ಗೊತ್ತಾಗ್ತತಿ. ಬಂದಾಗ ಲಾರಿ ಇರಂಗಿಲ್ಲ, ರಸ್ತಿಗೆ ನೀರು ಹೊಡದಿರ್ತಾರ. ಸೋಮವಾರ ಕಂಪನಿಯವರನ್ನ ಕರಸ್ತೀನಿ. ಕಣ್ಣಿಗೆ ಕಾಣೋ ಸಾಕ್ಷಿ ತರ್ರಿ" ಎಂದರು.

ಕಣ್ಣಿಗೆ ಕಾಣುವ ಸಾಕ್ಷಿ ಎಂದರೆ ವಿಡಿಯೋ. ಮದುವೆ ವಿಡಿಯೋ ತೆಗೆಯುವವನನ್ನು ಕೇಳಿದೆವು. "ಅಕ್ಕಾರ, ಈ ವರ್ಷ ನನಗ ಬಂದಿದ್ದೆಲ್ಲ ಲಾರಿ ಮಾಲಕರ ಮದುವಿನ ಐತ್ರಿ, ನನ್ನ ಬಿಟ್ಟುಬಿಡ್ರಿ" ಎಂದು ಕೈ ಮುಗಿದ. ಕೊನೆಗೆ ಸಂಘದವರೇ ದುಡ್ಡು ಕೂಡಿಸಿ ಕ್ಯಾಮೆರಾ ಕೊಳ್ಳುವುದೆಂದಾಯಿತು. ಶೂಟಿಂಗ್ ಮಾಡುವವಳು ನಾನೇ ಎಂದೂ ಆಯಿತು. ಏಕೆಂದರೆ ತಲೆ ತುಂಬ ಸೆರಗು ಹೊದ್ದು, ಗೋಡೆಯ ಪಕ್ಕ ನಡೆಯುವ ಈ ವಿಧವೆಯನ್ನು ಯಾರೂ ತಿರುಗಿ ನೋಡುವುದಿಲ್ಲ. ಜೀವನದಲ್ಲಿ ನನಗೆ ಸಿಕ್ಕ ಮೊದಲ ಹುದ್ದೆ ಅದು!

ನಿಮ್ಮಪ್ಪ ಕಂಪ್ಲಿಯ ರೈಸ್ ಮಿಲ್ಲಿನಲ್ಲಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಹಾಗಾಗಿ ಶುಕ್ರವಾರ ನಾನೂ ನಿಮ್ಮಮ್ಮ ಗಿರಿಜೆಯೂ ಹೊಸಪೇಟೆಯ ಅಂಗಡಿಗೆ ಹೋದೆವು. ಪರ ಗಂಡಸರ ಹತ್ತಿರ ಮಾತಾಡಿ ನನಗೆ ರೂಢಿಯಿಲ್ಲ. ನಾನು ಗಿರಿಜೆಯ ಕಿವಿಯಲ್ಲಿ ಹೇಳುವುದು, ಅವಳು ಅಂಗಡಿಯವನಿಗೆ ಹೇಳುವುದು.

"ಏನ್ ಬೇಕ್ರಿ ಅಮ್ಮಾರ? ಮದುವಿಗೋ, ಜವಳಕ್ಕೋ?"

"ಸಣ್ಣದು ಬೇಕಂತ್ರಿ" ಎಂದಳು ಗಿರಿಜಾ.

"ಎಷ್ಟು ಸಣ್ಣದ್ರಿ?"

ನಾನು ಮತ್ತೆ ಕಿವಿಯಲ್ಲಿ ಹೇಳಿದೆ. ಗಿರಿಜಾ ಕೆಮ್ಮಿ, "ಸೆರಗಿನಾಗ ಹಿಡಿಯೋಷ್ಟು" ಎಂದಳು.

ಅಂಗಡಿಯವನು ನನ್ನ ಸೆರಗನ್ನೊಮ್ಮೆ ಅಳೆದು ನೋಡಿ ಮೊದಲನೆಯದನ್ನು ತಂದಿಟ್ಟ. ಅದನ್ನು ಸೆರಗಿನೊಳಗೆ ಇಟ್ಟುಕೊಂಡು ಕನ್ನಡಿ ನೋಡಿದೆ. ಕನ್ನಡಿಯಲ್ಲಿ ಆರು ತಿಂಗಳ ಬಸುರಿ ನಿಂತಿದ್ದಳು. ಐವತ್ತೆಂಟು ವರ್ಷದವಳು! ತಕ್ಷಣ ವಾಪಸು ಕೊಟ್ಟೆ. ಎರಡನೆಯದು ಬೆಳ್ಳಿ ಬಣ್ಣದ್ದು, ಬಿಸಿಲಿಗೆ ಫಳಫಳ ಹೊಳೆಯಿತು. ಲಾರಿಯವರು ಸಂಡೂರಿನಿಂದಲೇ ನೋಡಿಯಾರು ಎಂದು ಅದೂ ಬೇಡವೆಂದೆ. ಮೂರನೆಯದು ಕಪ್ಪು. ಹಂಪಿಯಲ್ಲಿ ಬಿಳಿಯ ಹೆಂಗಸರು ಅಂಗೈಯಲ್ಲಿ ಹಿಡಿದು ತಿರುಗುತ್ತಾರಲ್ಲ, ಅಂಥದ್ದೇ, ಬೆಲ್ಲದ ಅಚ್ಚಿನಷ್ಟು. ತೂಗಿ ನೋಡಿದೆ, ಬೆರಳಿನಿಂದ ತಟ್ಟಿ ನೋಡಿದೆ, ಉಗುರು ಒತ್ತಿ ನೋಡಿದೆ.

"ಅಮ್ಮಾರ, ಚೂಟಬ್ಯಾಡ್ರಿ!" ಎಂದು ಅಂಗಡಿಯವನು ಕೂಗಿದ. "ಝೂಮ್ ನೋಡ್ರಿ. ಎದುರಿನ ಹೋಟೆಲಿನಾಗ ಯಾರು ಎಷ್ಟು ಇಡ್ಲಿ ತಿಂತಾರ ಅನ್ನೋದು ಸೈತ ಕಾಣ್ತತಿ."

ನೋಡಿದೆ. ನಿಜ. ರುಮಾಲು ಸುತ್ತಿದ ಮನುಷ್ಯನೊಬ್ಬ ಐದನೆಯ ಇಡ್ಲಿಗೆ ಕೈ ಹಾಕಿದ್ದ. ಆರನೆಯದಕ್ಕೂ ಹಾಕುತ್ತಾನೋ ಎಂದು ಕಾಯುತ್ತ ನಿಂತುಬಿಟ್ಟೆ. ಗಿರಿಜಾ ತಿವಿದಳು.

ಆಮೇಲೆ ಜೊತೆಯ ಸಾಮಾನುಗಳ ಸರದಿ. "ಹೊರಗ ಶೂಟಿಂಗ್ ಮಾಡೋರಿಗೆ ಸ್ಟ್ಯಾಂಡ್ ಬೇಕ ಬೇಕ್ರಿ, ಇಲ್ಲಂದ್ರ ಕೈ ನಡಗತೈತಿ" ಎಂದು ಮೂರು ಕಾಲಿನದೊಂದನ್ನು ನಿಲ್ಲಿಸಿದ. ನಾನು ನಾಚಿಕೆ ಮರೆತು ಬಾಯಿಬಿಟ್ಟೆ: "ಬ್ಯಾಡ್ರಿ. ಇದನ್ನ ನಿಲ್ಲಿಸಿದರ ಗಣಿ ಸರ್ವೆದವರು ಬಂದ್ರು ಅಂತ ಹೊಲ ಮಾರೋರು ಸಾಲು ಹಚ್ಚತಾರ." ಇನ್ನೊಂದು ಬ್ಯಾಟರಿ ತೆಗೆದುಕೊಂಡೆವು. ಸಣ್ಣ ಟೇಪು ಎರಡು, ಟಿವಿಗೆ ಹಾಕುವ ವೈರು, ಬಟ್ಟೆಗೆ ಚುಚ್ಚುವ ಗುಂಡುಪಿನ್ನಿನಂಥ ಮೈಕು. ಬ್ಯಾಟರಿ ಎರಡನ್ನೂ ಅಂಗಡಿಯಲ್ಲೇ ಚಾರ್ಜ್ ಮಾಡಿಸಿದೆವು. ನಮ್ಮೂರಿನ ಟ್ರಾನ್ಸ್‌ಫಾರ್ಮರು ಸುಟ್ಟು ಮೂರು ದಿನವಾಗಿತ್ತು.

ಶನಿವಾರ ರಸ್ತೆ ಬದಿಯ ಬೇವಿನ ಮರದ ಕೆಳಗೆ ನಿಂತೆ. ಸೆರಗಿನೊಳಗೆ ಕ್ಯಾಮೆರಾ, ಹೊರಗೆ ನಾನು. ಒಂದರ ಹಿಂದೆ ಒಂದು ಲಾರಿ ಬಂದವು. ಗಂಟೆ ಹೊತ್ತು ಕದಲದೆ ನಿಂತೆ. ಅಷ್ಟರಲ್ಲಿ ಒಂದು ಲಾರಿ ಬ್ರೇಕು ಹಾಕಿ ನನ್ನ ಮುಂದೆಯೇ ನಿಂತಿತು! ದಪ್ಪ ಮೀಸೆಯ ಡ್ರೈವರು ಕೆಳಗಿಳಿದು ಬಂದ.

"ಏನವ್ವ, ಆಗಿಂದ ನೋಡಾಕತ್ತೀನಿ, ಹೋಗುವಾಗೂ ಇಲ್ಲೇ ನಿಂತಿದ್ದಿ, ಬರುವಾಗೂ ಇಲ್ಲೇ ನಿಂತಿ. ಸೆರಗಿನಾಗ ಏನೈತಿ?"

ಬಾಯಿಗೆ ಬಂದದ್ದನ್ನು ಹೇಳಿದೆ: "ಕೋಳಿ ಮರಿ."

ಹುಟ್ಟಿದಾಗಿನಿಂದ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ಕೋಳಿಯ ನೆರಳನ್ನೂ ಮನೆಗೆ ಸೇರಿಸದವಳು, ನಡುರಸ್ತೆಯಲ್ಲಿ ಕೋಳಿ ಮರಿ ಎಂದೆ! ಅದೇ ಹೊತ್ತಿಗೆ ಬ್ಯಾಟರಿ ಮುಗಿಯಿತೋ ಏನೋ, ಸೆರಗಿನೊಳಗಿಂದ "ಪೀಂ ಪೀಂ ಪೀಂ" ಎಂದು ಸದ್ದು ಬಂತು.

ಡ್ರೈವರನ ಮುಖ ಮೆತ್ತಗಾಯಿತು. "ಪಾಪ, ಬಿಸಿಲಿಗೆ ಬಾಯಾರೇತಿ ಅದಕ್ಕ. ಮನಿಗೆ ಒಯ್ದು ನೀರು ಕುಡಸವ್ವ" ಎಂದು ಲಾರಿ ಹತ್ತಿದ.

ಮನೆಗೆ ಓಡಿ ಬಂದು ಬಾಗಿಲು ಹಾಕಿ, ಇನ್ನೊಂದು ಬ್ಯಾಟರಿ ಹಾಕಿ ನಾನೂ ಗಿರಿಜೆಯೂ ಎರಡೇ ನಿಮಿಷ ನೋಡಿದೆವು. ಕ್ಯಾಮೆರಾದ ಪುಟ್ಟ ತೆರೆಯ ಮೇಲೆ ನನ್ನ ಸೀರೆಯ ಒಳಮೈ. ಗಂಟೆ ಹೊತ್ತೂ ಬರೀ ಸೀರೆ! ನೂಲು ನೂಲು ಸ್ಪಷ್ಟವಾಗಿತ್ತು. ಬದನೆಕಾಯಿ ಚೆನ್ನಾಗಿಯೇ ಆರಿಸಿದ್ದೆ, ಸಿಪ್ಪೆ ತೆಗೆಯುವುದು ಮರೆತಿದ್ದೆ, ಅಷ್ಟೇ.

"ಅತ್ತಿ, ಲಾರಿ ಸಾವಾಸ ಬ್ಯಾಡ" ಎಂದಳು ಗಿರಿಜಾ. "ನಾಳೆ ಊರಾಗಿನ ಮನಿ, ಹಿತ್ತಲ, ಬಾಳಿ ತೋಟ ತೆಗೀರಿ. ಅದರ ಮ್ಯಾಲೆ ಬಿದ್ದದ್ದು ಸಾಕ್ಷಿ ಅಲ್ಲೇನು? ಸೆರಗು ಮಾತ್ರ ಬ್ಯಾಡ್ರಿ." ಬಸು, ಭಾನುವಾರ ಬೆಳಗ್ಗೆ ನಿನ್ನನ್ನು ಕಂಕುಳಲ್ಲಿ ಎತ್ತಿಕೊಂಡು, ಖಾಲಿ ಬ್ಯಾಟರಿ ಕೈಯಲ್ಲಿ ಹಿಡಿದು ಅವಳು ಹೊಸಪೇಟೆಯ ಬಸ್ಸು ಹತ್ತಿದಳು. ಒಂದು ಕಡೆ ಡಾಕ್ಟರು, ಇನ್ನೊಂದು ಕಡೆ ಚಾರ್ಜು. ಊರಿನ ಭಾರ ನನ್ನ ಮೇಲೆ ಬಿತ್ತು.

ನಾನು ನಮ್ಮ ಮನೆಯಿಂದಲೇ ಶುರು ಮಾಡಬೇಕೆಂದು ಅಂಗಳಕ್ಕೆ ಬಂದೆ. ನೋಡುತ್ತೇನೆ, ಕಟ್ಟೆಯ ಮೇಲೆ ಬೆರಳು ದಪ್ಪ ಧೂಳು! ದೊಡ್ಡ ಸಾಹೇಬರು ನಾಳೆ ನಮ್ಮ ಮನೆ ನೋಡುವವರಿದ್ದಾರೆ. ಈ ಕಟ್ಟೆಯನ್ನು ಹೇಗೆ ತೋರಿಸುವುದು? ಎರಡು ಕೊಡ ನೀರು ಸುರಿದೆ. ಕಟ್ಟೆ ತೊಳೆದ ಮೇಲೆ ಗೋಡೆ ಕೊಳಕಾಗಿ ಕಂಡಿತು. ಗೋಡೆ ಒರೆಸಿದ ಮೇಲೆ ಬಾಗಿಲು. ಸಾರಿಸಿ ರಂಗೋಲಿ ಹಾಕಿದೆ. ಎಮ್ಮೆಗೆ ಮೈ ತೊಳೆದೆ. ರಸ್ತೆಗೆ ಕಾಣುವ ಬಾಳೆ ಎಲೆಗಳನ್ನು ಒದ್ದೆ ಬಟ್ಟೆಯಿಂದ ಒಂದೊಂದಾಗಿ ಒರೆಸಿದೆ.

ಪಕ್ಕದ ಮನೆಯ ಈರಮ್ಮ ಬೇಲಿಯ ಮೇಲಿಂದ ಇಣುಕಿದಳು. "ಅಕ್ಕ, ನಮ್ಮ ಮನೀನೂ ತೆಗಿತೀಯೇನು?"

"ತೆಗೀದೆ ಏನು?"

"ಹಂಗಾದ್ರ ತಡಿಯವ್ವ, ಜಲ್ದಿ ತೊಳದುಬಿಡ್ತೀನಿ!"

ಅರ್ಧ ಗಂಟೆಯಲ್ಲಿ ಇಡೀ ಓಣಿಯಲ್ಲಿ ಕೊಡಗಳ ಸದ್ದು. ಕೈಪಂಪಿನ ಬೋರಿನ ಮುಂದೆ ಸರದಿ. ನಮ್ಮೂರು ಅಷ್ಟು ಚೆಲುವಾಗಿ ಕಂಡದ್ದನ್ನು ನಾನು ಮದುವೆಯಾಗಿ ಬಂದ ಮೇಲೆ ನೋಡಿರಲಿಲ್ಲ. ಕಣ್ತುಂಬ ತೆಗೆದೆ. ನಡುವೆ ಲಾರಿ ಬಂದಾಗಲೆಲ್ಲ ಕ್ಯಾಮೆರಾ ಬಂದ್ ಮಾಡಿ ಸೆರಗಿನಲ್ಲಿ ಸುತ್ತಿಕೊಂಡು ಗೋಡೆಗೆ ತಿರುಗಿ ನಿಲ್ಲುತ್ತಿದ್ದೆ. ಹೊಸ ಕ್ಯಾಮೆರಾ, ಸಂಘದ ದುಡ್ಡು, ಧೂಳು ಕುಳಿತರೆ ಏನು ಗತಿ! ಧೂಳು ಇಳಿದ ಮೇಲೆ ಎಲೆಗಳನ್ನು ಇನ್ನೊಮ್ಮೆ ಒರೆಸಿ ಮುಂದುವರಿಸುತ್ತಿದ್ದೆ.

ಕೊನೆಗೆ ಈರಮ್ಮನ ಹೇಳಿಕೆ. ಅವಳು ರೇಷ್ಮೆ ಸೀರೆ ಉಟ್ಟು ಬಂದಳು. ಮೈಕನ್ನು ಕುಪ್ಪಸಕ್ಕೆ ಚುಚ್ಚಗೊಡಲಿಲ್ಲ. "ಏ, ಕರೆಂಟಿಂದು ಎದಿಮ್ಯಾಲ ಬ್ಯಾಡ" ಎಂದು ಸೊಂಟದಲ್ಲಿ ಬೀಗದ ಕೈಗೊಂಚಲಿನ ಜೊತೆ ಸಿಕ್ಕಿಸಿಕೊಂಡಳು.

ಗಿರಿಜಾ ಕೊನೆಯ ಬಸ್ಸಿಗೆ ಬಂದಳು. ಅಷ್ಟರಲ್ಲಿ ಊರು ಮತ್ತೆ ಮೊದಲಿನಂತೆ ಕೆಂಪಾಗಿತ್ತು. ಅವಳಿಗೆ ಏನೂ ಗೊತ್ತಾಗಲಿಲ್ಲ. "ಚಂದ ಬಂದೈತೇನ್ರಿ ಅತ್ತಿ?" ಎಂದಳು. "ಭಾಳ ಚಂದ" ಎಂದೆ. ಅದು ನಿಜವೇ ತಾನೆ! ಅವಳು ತಂದ ಬ್ಯಾಟರಿಯನ್ನು ಸಾಹೇಬರಿಗೆ ತೋರಿಸಲು ಉಳಿಸಬೇಕೆಂದು ನಾವು ಟೇಪು ನೋಡಲಿಲ್ಲ.

ಸೋಮವಾರ ಸಾಹೇಬರ ಕೋಣೆ. ಒಂದು ಕಡೆ ಕಂಪನಿಯ ಮ್ಯಾನೇಜರು, ಇಸ್ತ್ರಿಯ ಅಂಗಿ. ಇನ್ನೊಂದು ಕಡೆ ನಾವು ಎಂಟು ಹೆಂಗಸರು. ಟಿವಿ ಹಾಕಿದರು.

ತೊಳೆದ ಕಟ್ಟೆ. ರಂಗೋಲಿ. ಮಿರಿಮಿರಿ ಮಿಂಚುವ ಎಮ್ಮೆ. ಎಣ್ಣೆ ಹಚ್ಚಿದಂಥ ಬಾಳೆ ಎಲೆ. ರೇಷ್ಮೆಯುಟ್ಟ ಈರಮ್ಮ ಬಾಯಿ ತೆರೆದಳು. ಮಾತಿನ ಬದಲು ಝಣಝಣ ಬೀಗದ ಕೈ ಸದ್ದು. ಎತ್ತಿನ ಮೆರವಣಿಗೆ ಬಂದಂತಿತ್ತು.

ನನಗೆ ಆಗ ಹೊಳೆಯಿತು. ಆ ಕ್ಷಣದಲ್ಲಿ! ಗಿರಿಜಾ ನಿಧಾನವಾಗಿ ನನ್ನ ಕಡೆ ತಿರುಗಿದಳು. ಆ ನೋಟವನ್ನು ಬರೆಯುವ ಶಕ್ತಿ ನನಗಿಲ್ಲ.

ಮ್ಯಾನೇಜರು ಕುರ್ಚಿಗೆ ಒರಗಿದ. "ಸರ್, ಈ ತಾಲೂಕಿನಾಗ ಇಷ್ಟು ಸ್ವಚ್ಛ ಊರು ನಾನು ನೋಡೇ ಇಲ್ಲ. ಇವರಿಗೆ ಬಹುಮಾನ ಕೊಡಸ್ರಿ."

ಸಾಹೇಬರು ಫೈಲು ಮುಚ್ಚಲು ಕೈ ಇಟ್ಟರು. ಗಿರಿಜೆಯ ಮಡಿಲಲ್ಲಿ ನೀನು ಗೊರಗೊರ ಉಸಿರಾಡುತ್ತಿದ್ದೆ. ಆ ಫೈಲು ಮುಚ್ಚಿದರೆ ಮುಗಿಯಿತು. ಕಿವಿಯಲ್ಲಿ ಹೇಳಿ ಮಾತಾಡಿಸಲು ಹೊತ್ತಿರಲಿಲ್ಲ. ನಾನು ಎದ್ದು ನಿಂತೆ. ಸಾಹೇಬರ ಮುಖ ನೋಡುವ ಧೈರ್ಯವಾಗದೆ ಟಿವಿಗೆ ಮುಖ ಮಾಡಿ, ಅದರೊಳಗಿನ ನಮ್ಮ ಎಮ್ಮೆಗೆ ಹೇಳಿದೆ:

"ತೊಳದೀವ್ರಿ."

"ಏನಮ್ಮ?"

"ಸಾಹೇಬ್ರು ನೋಡ್ತಾರಂತ ತೊಳದೀವ್ರಿ. ಎಲಿ ಸೈತ ಒರಸೀವ್ರಿ. ಸಂಜಿಗೆ ಮತ್ತ ಕೆಂಪಾತ್ರಿ. ತಪ್ಪು ನಂದ್ರಿ, ಮಗೂಂದಲ್ರಿ."

ಸಾಹೇಬರ ಭುಜ ಕುಲುಕತೊಡಗಿತು. ನಗುತ್ತಿದ್ದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಆತಮ್ಮ. ನಾನ ಬರ್ತೀನಿ. ಯಾವತ್ತು ಅಂತ ಅವರಿಗೂ ಹೇಳಂಗಿಲ್ಲ, ನಿಮಗೂ ಹೇಳಂಗಿಲ್ಲ. ಅಲ್ಲೀತನಕ ನೀವು ಏನೂ ತೊಳೀಬ್ಯಾಡ್ರಿ" ಎಂದರು.

ಮಕ್ಕಳೇ, ಅದು ಶಿಕ್ಷೆ. ಕಸಬರಿಗೆಯನ್ನು ನಿಮ್ಮಮ್ಮ ಅಟ್ಟದ ಮೇಲೆ ಬಚ್ಚಿಟ್ಟಳು. ಒಂದು ದಿನ, ಎರಡು ದಿನ, ನಾಲ್ಕು ದಿನ. ಕಟ್ಟೆಯ ಮೇಲೆ ಧೂಳು ಕುಳಿತುಕೊಳ್ಳುತ್ತಿತ್ತು, ನಾನು ಅದರ ಎದುರು ಕೈಕಟ್ಟಿ ಕುಳಿತಿರುತ್ತಿದ್ದೆ. ಕೈ ತುರಿಸುತ್ತಿತ್ತು. ಈರಮ್ಮ ಕದ್ದು ಕಿಟಕಿ ಒರೆಸಿದ್ದಕ್ಕೆ ಸಂಘದಲ್ಲಿ ಜಗಳವೇ ಆಯಿತು.

ಐದನೆಯ ದಿನ ಮಧ್ಯಾಹ್ನ ಸಾಹೇಬರು ಯಾರದೋ ಬೈಕಿನ ಹಿಂದೆ ಕುಳಿತು ಬಂದಿಳಿದರು. ಬಿಳಿ ಪ್ಯಾಂಟು. ಸೀದಾ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತರು. ರಸ್ತೆಯಲ್ಲಿ ಲಾರಿಗಳು ಹೋಗುತ್ತಲೇ ಇದ್ದವು. ಗಿರಿಜಾ ಚಹಾ ಕೊಟ್ಟಳು. ಅರ್ಧ ಕುಡಿಯುವಷ್ಟರಲ್ಲಿ ಚಹಾದ ಮೇಲೆ ಕೆಂಪು ಕೆನೆ ಕಟ್ಟಿತು. ಒಳಗಿನಿಂದ ನಿನ್ನ ಉಸಿರಿನ ಸದ್ದು ಕೇಳುತ್ತಿತ್ತು. ಸಾಹೇಬರು ಅದನ್ನು ಕೇಳುತ್ತ ಬಹಳ ಹೊತ್ತು ಕುಳಿತಿದ್ದರು. ಆಮೇಲೆ ಲೋಟ ಕೆಳಗಿಟ್ಟು, "ಈಗ ಸೀದಾ ಕಂಪನಿ ಆಫೀಸಿಗೆ ಹೊಕ್ಕೀನಿ" ಎಂದು ಎದ್ದು ಬೈಕಿನ ಕಡೆ ನಡೆದರು.

ಹಿಂದಿನಿಂದ ನೋಡಿದೆ. ಬಿಳಿ ಪ್ಯಾಂಟಿನ ಮೇಲೆ ಎರಡು ಕೆಂಪು ಚಂದ್ರ! ಯಾವ ಕ್ಯಾಮೆರಾಕ್ಕೂ ಸಿಗದಂಥ ಸಾಕ್ಷಿ, ತಾನೇ ನಡೆದುಕೊಂಡು ಕಂಪನಿಗೆ ಹೊರಟಿತ್ತು. ಮರುವಾರದಿಂದ ಲಾರಿಗಳ ಮೇಲೆ ತಾಡಪತ್ರಿ ಬಂತು, ಎಲ್ಲದರ ಮೇಲೆ ಅಲ್ಲದಿದ್ದರೂ ಬಹಳಷ್ಟರ ಮೇಲೆ. ಬೆಳಗ್ಗೆ ಸಂಜೆ ರಸ್ತೆಗೆ ನೀರು ಬಿತ್ತು. ಬಸು, ನೀನು ರಾತ್ರಿ ನಿದ್ದೆ ಮಾಡಿದೆ. ಊರವರೆಲ್ಲ ಇಂದಿಗೂ ಆ ಪ್ಯಾಂಟನ್ನು ನೆನೆಯುತ್ತಾರೆ.

ನಿಮ್ಮಜ್ಜಿಯ ಸಾಧನೆ ಏನು ಎಂದು ಕೇಳುತ್ತೀರಾ? ಸಾಹೇಬರು ಬೈಕು ಹತ್ತುವ ಮೊದಲು, "ಅಯ್ಯ ಸಾಹೇಬ್ರ, ಒಂದ್ ಚೂರು ನಿಲ್ರಿ, ಒರಸಿಬಿಡ್ತೀನಿ!" ಎಂದು ಒದ್ದೆ ಬಟ್ಟೆ ಹಿಡಿದು ಅವರ ಹಿಂದೆ ಓಡಿದವಳು ನಾನೇ. ಅರ್ಧ ದಾರಿಯಲ್ಲಿ ನಿಮ್ಮಮ್ಮ ಸೆರಗು ಹಿಡಿದು ಎಳೆಯದಿದ್ದರೆ ಆ ಸಾಕ್ಷಿಯನ್ನೂ ತೊಳೆದೇ ಬಿಡುತ್ತಿದ್ದೆ!