ಕಾಡಿಗೆ ಕಣ್ಣಿನ ಗಾಯಕ

ರವಿಕಿರಣನ ಮಾನ ಹೋದದ್ದು ಭಾನುವಾರ ಬೆಳಿಗ್ಗೆ ಎಂಟಕ್ಕೆ, ಇಡೀ ದಿಲ್‌ಸುಖ್‌ನಗರ ಇಡ್ಲಿ ತಿನ್ನುತ್ತ ಟಿವಿ ನೋಡುವ ಹೊತ್ತಿನಲ್ಲಿ. ಕಾರಣ, ನಾಲ್ಕು ನಿಮಿಷದ ಒಂದು ಹಾಡು.

ಹಾಡು ಅವನದೇ. ಗಚ್ಚಿಬೌಲಿಯ ಕಂಪನಿಯಲ್ಲಿ ವಾರವೆಲ್ಲ ಸಾಫ್ಟ್‌ವೇರ್ ತಿದ್ದುವ ಅವನೂ ಮೂವರು ಗೆಳೆಯರೂ ಶನಿವಾರ ಬಂತೆಂದರೆ ಕರಿ ಕೋಟು, ಸಪೂರ ಟೈ ಹಾಕಿಕೊಂಡು ಬ್ಯಾಂಡ್ ಆಗಿಬಿಡುತ್ತಿದ್ದರು. ಅವರ ಸಂಗೀತಕ್ಕೆ ಪೋಸ್ಟ್-ಪಂಕ್ ಎಂದು ಹೆಸರು. ಇಪ್ಪತ್ತೈದು ವರ್ಷದ ಹಿಂದೆ ವಿಲಾಯತಿಯಲ್ಲಿ ಹುಟ್ಟಿ, ಮಲಗಿ, ಈಗ ಮತ್ತೆ ಎದ್ದು ಕೂತದ್ದು. ಗಿಟಾರು ಗುಂಯ್ ಎನ್ನಬೇಕು, ಹಾಡುವವನು ಬಾವಿಯೊಳಗಿಂದ ಕೂಗಿದಂತೆ ಹಾಡಬೇಕು, ಯಾರೂ ನಗಬಾರದು. ಆರು ತಿಂಗಳು ಬೆವರು ಸುರಿಸಿ 'ದೀಪ ಆರಿಸಿ ಹೋಗು' ಎಂಬ ಹಾಡು ಮಾಡಿದ್ದರು. ಸಾಹಿತ್ಯ, ಕಂಠ ಎರಡೂ ರವಿಕಿರಣನವು. ವಿಡಿಯೊದಲ್ಲಿ ಅವನು ಹಣೆಯ ಮೇಲೆ ಕೂದಲು ಇಳಿಬಿಟ್ಟು, ಕಣ್ಣಿಗೆ ಕಾಡಿಗೆ ಮೆತ್ತಿಕೊಂಡು ಕಾಚಿಗೂಡ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿರುತ್ತಾನೆ. ರೈಲು ಬರುತ್ತದೆ, ಹೋಗುತ್ತದೆ, ಇವನು ಏಳುವುದಿಲ್ಲ. ಅಷ್ಟೇ. ಇದರಲ್ಲಿ ತಪ್ಪೇನಿದೆ, ನೀವೇ ಹೇಳಿ!

ಫೋನಿನಲ್ಲಿ ವಿಡಿಯೊ ನೋಡುವ ಕಾಲ ಇನ್ನೂ ಬಂದಿರಲಿಲ್ಲ. ತಿಂಗಳಿಂದ ಇಂಟರ್ನೆಟ್ಟಿನಲ್ಲಿ ತಣ್ಣಗೆ ಬಿದ್ದಿದ್ದ ಅದನ್ನು ಇವತ್ತು ಊರಿನ ಕೇಬಲ್ ಚಾನೆಲ್ಲೊಂದು ಹಾಕಿಬಿಟ್ಟಿತು. ಕೆಳಮನೆಯ ಮಾಲಕಿ ಕೃಷ್ಣಾಬಾಯಿ ಸೌಟು ಹಿಡಿದೇ ಮೆಟ್ಟಿಲು ಹತ್ತಿ ಬಂದರು.

"ಏನೋ ರವಿ, ನಿನ್ನ ಜೀವಕ್ಕ ಏನ್ ಬ್ಯಾಸರಾಗೈತೋ? ಟಿವ್ಯಾಗ ಸಾಯಾಕ ಹೊಂಟಾವ್ರಂಗ ಕುಂತೀಯಲ್ಲ!"

"ಅದು ಕಲಾ ರೀ ಅಮ್ಮಾರ!"

"ನಿನ್ನ ಕಲಾ ಮಣ್ಣಾಗ ಹೋಗ್ಲಿ. ಹನ್ನೊಂದಕ್ಕ ಯಾರ್ ಬರ್ತಾರ, ಖಬರ್ ಐತಿಲ್ಲೊ?"

ಖಬರಿಲ್ಲದೆ ಏನು! ಕಲಬುರ್ಗಿಯ ಶಿವಾನಂದಪ್ಪನವರು ಮಗಳನ್ನು ಕೊಡುವ ಮುಂಚೆ ಹುಡುಗನ ಮನೆ ನೋಡಲು ಬರುವವರಿದ್ದರು. ಮಗಳು ನಲಿನಿ, ತಾನೂ ಬರುತ್ತೇನೆಂದು ಹಟ ಹಿಡಿದಿದ್ದಳಂತೆ. ರವಿಕಿರಣ ಆಕೆಯನ್ನು ಒಂದು ಮದುವೆಮನೆಯಲ್ಲಿ ನೋಡಿದ್ದ. ಆಕೆ ಇವನನ್ನಲ್ಲ, ಇವನು ಬಡಿಸುತ್ತಿದ್ದ ಹೋಳಿಗೆಯನ್ನು ನೋಡಿದ್ದಳು. ಅವತ್ತಿನಿಂದ ಇವನಿಗೆ ನಿದ್ದೆ ಇಲ್ಲ. ಅಪ್ಪ ಅವ್ವ ದೂರದ ಲಿಂಗಸುಗೂರಿನಲ್ಲಿದ್ದುದರಿಂದ ಹಿರಿತನ ಕೃಷ್ಣಾಬಾಯಿಯದು.

ಅಷ್ಟರಲ್ಲಿ ಪಕ್ಕದ ಮನೆಯ ವೆಂಕಟೇಶ ಬಂದ. ರಕ್ಷಣಾ ಕಾರ್ಖಾನೆಯಲ್ಲಿ ಫಿಟ್ಟರ್. ಕರೆಯದಿದ್ದರೂ ಇಕ್ಕಳ ಸಮೇತ ಹಾಜರಾಗುವ ಆಸಾಮಿ.

"ಇನ್ನ ತಾಸಿಗೊಮ್ಮೆ ತೋರಸ್ತಾರಂತಪಾ. ಬೀಗ್ರು ಕುಂತಾಗ ಯಾರರೆ ಟಿವಿ ಹಚ್ಚಿದ್ರ ನಿನ್ನ ಕತಿ ಮುಗೀತು. ನೀ ಸುಮ್ಕಿರು, ನಾ ನೋಡ್ಕೋತೀನಿ."

ಮಾಳಿಗೆ ಹತ್ತಿ ಕೇಬಲ್ ಕತ್ತರಿಸಿಯೇ ಬಿಟ್ಟ. ಕತ್ತರಿಸಿದ್ದು ಈ ಮನೆಯದಲ್ಲ, ಇಡೀ ಓಣಿಯದು. ಭಾನುವಾರದ ಪೌರಾಣಿಕ ಧಾರಾವಾಹಿಯಲ್ಲಿ ದೇವರು ಬಾಣ ಎತ್ತಿದಲ್ಲೇ ನಿಂತ. ಜಗಳಕ್ಕೆಂದು ಬಂದ ಐದಾರು ಹೆಂಗಸರು ವಿಷಯ ತಿಳಿದದ್ದೇ ಸೆರಗು ಸಿಕ್ಕಿಸಿ ಸಹಾಯಕ್ಕೆ ನಿಂತರು. ಜಗಳವೇ ಆಡಿದ್ದರೆ ಎಷ್ಟೋ ವಾಸಿಯಾಗಿತ್ತು!

ಹಿಂದಿನ ಸಂಜೆ ಎಲ್ಲೋ ಹಾಡಿ ಬಂದು ಹಾಗೇ ಮಲಗಿದ್ದರಿಂದ ಕಣ್ಣಲ್ಲಿ ಕಾಡಿಗೆ ಇನ್ನೂ ಇತ್ತು. ಒಬ್ಬರು ಕೊಬ್ಬರಿ ಎಣ್ಣೆ ತಿಕ್ಕಿದರು, ಒಬ್ಬರು ಕಡಲೆಹಿಟ್ಟು, ಮೂರನೆಯವರು ನಿಂಬೆಹಣ್ಣು. ಕಾಡಿಗೆ ಹೋಯಿತು, ರೆಪ್ಪೆಗಳು ಬೋಂಡಾದಂತೆ ಊದಿದವು. ಕೃಷ್ಣಾಬಾಯಿ ತಲೆಗೆ ಎಣ್ಣೆ ಸುರಿದು ಬೈತಲೆ ತೆಗೆದು, ಹಣೆತುಂಬ ವಿಭೂತಿ ಬಳಿದರು.

"ನನ್ನ ಹಾಡಿಗೆ ನಾ ಯಾಕ್ರೀ ನಾಚಬೇಕು?" ರವಿಕಿರಣ ಸಿಡಿದ.

"ನಲಿನಿ ಬೇಕೋ, ಹಾಡು ಬೇಕೋ?"

ಅವನು ಬಾಯಿ ಮುಚ್ಚಿದ.

"ಮುಚ್ಚಬ್ಯಾಡ, ತಗಿ. ಹಲ್ಲು ಕಾಣ್ಬೇಕು. ಅವರು ಹೋಗೂತನ ನಕ್ಕೋಂತ ಇರು."

ಬೀಗರು ಬಂದರು. ರವಿಕಿರಣ ನಕ್ಕ. ಉಪ್ಪಿಟ್ಟು ಬಂತು, ನಕ್ಕ. ಶಿವಾನಂದಪ್ಪ ತಮ್ಮ ಮಂಡಿನೋವು ಹೇಳಿಕೊಂಡರು, ಅದಕ್ಕೂ ನಕ್ಕ. ನಲಿನಿ ಮಾತ್ರ ಇವನ ಮುಖವನ್ನು ಕಳೆದುಹೋದ ಚಪ್ಪಲಿ ಹುಡುಕುವವರಂತೆ ನೋಡುತ್ತಿದ್ದಳು.

"ಅಲ್ರಿ, ಯಾವುದೋ ಕತ್ತಲಿ ಹಾಡು, ಹಾಡಿದಾವನ ಹೆಸರೂ ರವಿಕಿರಣ ಅಂತ ನಮ್ಮ ನಲಿನಿ ಅಂತಿದ್ಲು," ಶಿವಾನಂದಪ್ಪ ಕೇಳಿದರು. "ಅದೇನ್ ನೀವಾ?"

"ಅಯ್ಯ ಶಿವನ!" ಕೃಷ್ಣಾಬಾಯಿ ಕಿವಿ ಮುಚ್ಚಿಕೊಂಡರು. "ಭಜನಿ ಬಿಟ್ರ ನಮ್ಮ ಹುಡುಗನ ಬಾಯಾಗ ಬ್ಯಾರೆ ಹಾಡ ಬರಂಗಿಲ್ರಿ. ದೀಪ ಮುಟ್ಟಿ ಹೇಳಪಾ ರವಿ."

ಆರು ತಿಂಗಳ ಬೆವರು! ಆದರೂ ರವಿಕಿರಣ ದೇವರ ದೀಪ ಮುಟ್ಟಿದ. "ನಾನಲ್ರಿ. ಅಂಥಾ ದರಿದ್ರ ಹಾಡು ನಾ ಕೇಳೂದೂ ಇಲ್ರಿ."

"ಭೇಷ್! ನಮಗ ಒಪ್ಪಿಗಿ ಐತಿ," ಎಂದರು ಶಿವಾನಂದಪ್ಪ.

ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ಇಬ್ಬರನ್ನೂ ವರಾಂಡಕ್ಕೆ ಕಳಿಸಿದರು. ಬಾಗಿಲ ಹಿಂದೆ ಅಷ್ಟೂ ಹೆಂಗಸರು ಕಿವಿಗೊಟ್ಟು ನಿಂತರು.

"ಖರೇನ ಅದು ನೀವಲ್ಲಾ?" ನಲಿನಿ ಕೇಳಿದಳು.

"ಛೇ ಛೇ," ರವಿಕಿರಣ ನಕ್ಕ.

ಅವಳ ಮುಖ ಸಣ್ಣಗಾಯಿತು. "ಮನಿಗಿ ಬಂದಾವ್ರೆಲ್ಲ ನಗು, ನಗು ಅಂತಾರ್ರಿ. ನಕ್ಕು ನಕ್ಕು ನನ್ನ ಗಲ್ಲ ನೋಯ್ತಾವು. ಇಂಟರ್ನೆಟ್ಟಿನ್ಯಾಗ ಆ ಹುಡುಗ ನಗದ ಕುಂತಿದ್ದು ನೋಡಿ ಭಾಳ ಸಮಾಧಾನ ಆಗಿತ್ತು. ಹಾಡು ಬಾಯಿಪಾಠ ಐತಿ. ನೀವ ಇರಬೇಕಂತ ಹಟ ಮಾಡಿ ಬಂದೆ." ಮೆಲ್ಲಗೆ ಕೇಳಿದಳು, "ಅವರ ನಂಬರೇನರ ಗೊತ್ತೈತೇನ್ರಿ?"

ರವಿಕಿರಣನ ನಗು ಹಾರಿಹೋಯಿತು. "ನಾನಾ ರೀ ಅದು! ನಾನ ಬರೆದಿದ್ದು, ನಾನ ಹಾಡಿದ್ದು!"

ಬಾಗಿಲು ದಡಾರನೆ ತೆರೆಯಿತು. "ನಂಬಬ್ಯಾಡವ್ವಾ! ನೀ ಮೆಚ್ಚಲಿ ಅಂತ ಸುಳ್ಳ ಹೇಳಾಕತ್ತಾನ," ಎಂದರು ಕೃಷ್ಣಾಬಾಯಿ. "ಹೌದ್ ಹೌದ್, ಅಂವ ಅಲ್ಲ," ಎಂದರು ಉಳಿದವರು. ಒಬ್ಬಳಾದರೂ ನಿಜ ಹೇಳಬಾರದೇ!

"ಬರ್ರಿ, ಟಿವ್ಯಾಗ ತೋರಸ್ತೀನಿ!" ರವಿಕಿರಣ ಒಳಗೆ ಓಡಿ ಗುಂಡಿ ಒತ್ತಿದ. ಟಿವಿಯಲ್ಲಿ ಬರೀ ಸುರ್ ಎಂಬ ಸದ್ದು. ವೆಂಕಟೇಶ ಇಕ್ಕಳವನ್ನು ಬೆನ್ನ ಹಿಂದೆ ಸರಿಸಿದ.

ನಲಿನಿ ಚಪ್ಪಲಿ ಮೆಟ್ಟಿದಳು. "ಆ ಹುಡುಗ ನೀವಲ್ಲ ಅಂದ್ರ ನನಗ ಬ್ಯಾಡ. ನೀವ ಆಗಿದ್ದು ದೀಪ ಮುಟ್ಟಿ ಸುಳ್ಳ ಹೇಳಿದ್ರ, ಆಗಂತೂ ಮೊದಲ ಬ್ಯಾಡ. ನಡೀರಿ ಅಪ್ಪಾ."

ನಾಲ್ಕು ಗಂಟೆಗೆ ಕೇಬಲ್ ಸರಿಹೋಯಿತು. ಓಣಿಯ ಎಲ್ಲ ಮನೆಯಿಂದಲೂ 'ದೀಪ ಆರಿಸಿ ಹೋಗು' ಒಟ್ಟಿಗೆ ಕೇಳಿಬಂತು. ರವಿಕಿರಣ ಮೆಟ್ಟಿಲ ಮೇಲೆ ಕೂತಿದ್ದ. ಎಣ್ಣೆ ಕೂದಲು ಹಣೆಗೆ ಇಳಿದಿತ್ತು, ತಿಕ್ಕಿ ತಿಕ್ಕಿ ಕಣ್ಣಿನ ಸುತ್ತ ಕಪ್ಪಗಾಗಿತ್ತು. ಚಹಾ ತಂದ ಕೃಷ್ಣಾಬಾಯಿ ಒಮ್ಮೆ ಟಿವಿ ನೋಡಿದರು, ಒಮ್ಮೆ ಅವನನ್ನು ನೋಡಿದರು. ಅವರಿಗೇ ರೇಗಿಹೋಯಿತು.

"ಈಗ ನೋಡು, ಥೇಟ್ ಅಂವನ ಆಗಿ ಕಾಣ್ತಿ! ಆಕಿ ಇದ್ದಾಗ ಹಿಂಗ ಮಾರಿ ಮಾಡ್ಕೊಂಡು ಕುಂದರಾಕ ನಿನಗೇನ್ ಧಾಡಿ ಆಗಿತ್ತೋ?"