ಬಡಿದು ನೋಡಿ ಕೊಂಡ ಟ್ಯಾಬ್

ಒಂದು ಕಡೆ ಸುಮ್ಮನೆ ಕೂರುವುದು ನನ್ನ ಜಾತಕದಲ್ಲೇ ಇಲ್ಲ. ಅದರಲ್ಲೂ ತಪ್ಪು ನನ್ನದೇ ಎಂದು ಗೊತ್ತಾದರೆ ಮುಗಿಯಿತು, ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಬಾಗಿಲಿಗೆ ತಿರುಗುತ್ತಲೇ ಇರುತ್ತೇನೆ. ಈಚೆಗೆ ಹಾಗೆ ತಿರುಗಿಸಿದ್ದು ಒಂದು ಟ್ಯಾಬ್.

ನನ್ನ ಹೆಂಡತಿ ಗಿರಿಜಾ ಖಾನಾಪುರದಲ್ಲಿ ಕುಪ್ಪಸ ಹೊಲಿಯುತ್ತಾಳೆ. ಗಿರಾಕಿಗಳು ಸೀರೆಯ ಫೋಟೋ ಕಳಿಸುತ್ತಾರೆ. ಇವಳು ಅದಕ್ಕೆ ಒಪ್ಪುವ ಖಣ ತಂದು ಹೊಲಿಯಬೇಕು. ಫೋನಿನ ಪುಟ್ಟ ಪರದೆ ನೋಡಿ ಕಣ್ಣು ಸೋಲುತ್ತದೆಂದು ಟ್ಯಾಬ್ ಕೇಳಿದಳು. ನಾನು ಬೆಳಗಾವಿಗೆ ಹೋದೆ. ಅಂಗಡಿಯವನು ಎರಡು ಮುಂದಿಟ್ಟ, ಒಂದು ತುಟ್ಟಿ, ಒಂದು ಸೋವಿ. "ಬಣ್ಣ ನೋಡ್ರಿ ಸರ, ಫರಕ ತಿಳೀತೈತಿ" ಎಂದ. ನಮ್ಮದು ಗಡಿಗೆ ಮಾಡುವ ಊರು. ಗೆಣ್ಣಿನಿಂದ ಬಡಿದು, ಠಣ್ ಎಂದರಷ್ಟೇ ಕೊಳ್ಳುವುದು ನಮ್ಮ ಪದ್ಧತಿ. ನನ್ನವ್ವ ಹಾಗೆ ಆರಿಸಿದ ಗಡಿಗೆಯಲ್ಲಿ ಇವತ್ತಿಗೂ ನೀರು ತಣ್ಣಗಿರುತ್ತದೆ. ಎರಡು ಟ್ಯಾಬನ್ನೂ ಬಡಿದೆ. ತುಟ್ಟಿಯದು ಮಂದ ಸದ್ದು, ಸೋವಿಯದು ಠಣ್ ಎಂದಿತು. ನಾನು ಗೆದ್ದವನಂತೆ ಸೋವಿಯದನ್ನು ಹಿಡಿದು ಬಸ್ಸು ಹತ್ತಿದೆ.

ಗಿರಿಜಾ ಅದರಲ್ಲಿ ನೋಡಿ ಮಾಡಿದ ಮೊದಲ ದೊಡ್ಡ ಕೆಲಸ ಪಕ್ಕದ ಊರು ಗುಂಜಿಯ ಒಂದು ಮದುವೆಯದು, ಹೆಣ್ಣಿನ ಮನೆಯವರ ಐದು ಕುಪ್ಪಸ. ಟ್ಯಾಬಿನಲ್ಲಿ ಸೀರೆಗಳೆಲ್ಲ ಬದನೆಕಾಯಿ ಬಣ್ಣ. ಐದಕ್ಕೂ ಬದನೆಕಾಯಿ ಬಣ್ಣದ ಖಣ ತಂದು ಹೊಲಿದದ್ದಾಯಿತು. ಮದುವೆಗೆ ನಾಲ್ಕು ದಿನವಿರುವಾಗ ಹುಡುಗಿಯ ತಾಯಿ ಸೀರೆ ಹಿಡಿದುಕೊಂಡೇ ಬಂದರು. ಸೀರೆ ಅಪ್ಪಟ ದಾಳಿಂಬೆ ಕೆಂಪು. ಕುಪ್ಪಸವನ್ನು ಸೆರಗಿನ ಬಾಜು ಹಿಡಿದು, "ಗಿರಿಜಕ್ಕಾ, ಈ ಜಂಪರ ಯಾರ ಮದುವಿಗಿ ಹೊಲದೀರಿ?" ಎಂದರು. ಗಿರಿಜಾ ಹದಿನಾಲ್ಕು ವರ್ಷ ಕಾಪಾಡಿಕೊಂಡು ಬಂದ ಹೆಸರು ನನ್ನ ಗೆಣ್ಣಿನ ದೆಸೆಯಿಂದ ಹೋಗುವುದರಲ್ಲಿತ್ತು. ನನಗೆ ನಾಚಿಕೆಯಾಯಿತು. "ನಾಕ ದಿನದಾಗ ಬ್ಯಾರೆ ಹೊಲದ ಕೊಡ್ತೀನ್ರಿ ವೈನಿ" ಎಂದಳು ಗಿರಿಜಾ. ನಾನು ಹಿತ್ತಲಿಗೆ ಹೋದೆ.

ಮರುದಿನ ಇಬ್ಬರೂ ಬೆಳಗಾವಿಗೆ ಹೋಗಿ ಖಣ ಕೊಂಡು ಅದೇ ಟ್ಯಾಬ್ ಅಂಗಡಿಗೆ ನಡೆದೆವು. ಗಿರಿಜಾ ಚೀಲದಿಂದ ಕೆಂಪು ದಾರದ ರೀಲು ತೆಗೆದಳು. ತುಟ್ಟಿ ಟ್ಯಾಬಿನಲ್ಲಿ ಅದರ ಫೋಟೋ ಹೊಡೆದು, ರೀಲನ್ನು ಪರದೆಗೆ ಹಚ್ಚಿ ನೋಡಿದಳು. ಬಣ್ಣಕ್ಕೆ ಬಣ್ಣ ಕೂಡಿತು. ನನ್ನ ಬೆರಳು ತಾನಾಗಿಯೇ ಬಡಿಯಲು ಮೇಲೆದ್ದಿತು. "ಕೈ ಕಿಸೇದಾಗ ಇಟ್ಕೋರಿ" ಎಂದು ಅದಕ್ಕೆ ದುಡ್ಡು ಎಣಿಸಿ ಕೊಟ್ಟಳು.

ಮೂರು ದಿನ ಹೊಲಿಗೆ ಮಿಷನ್ ನಿಲ್ಲಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಐದೂ ಕುಪ್ಪಸಕ್ಕೆ ಹುಕ್ಕು ಹಚ್ಚಿದ್ದು ನಾನೇ. ಬೆರಳಿಗೆಲ್ಲ ಸೂಜಿ ಚುಚ್ಚಿತು. ಕುಪ್ಪಸಗಳು ಹೊತ್ತಿಗೆ ಸರಿಯಾಗಿ ಗುಂಜಿ ಮುಟ್ಟಿದವು, ನಮಗೆ ಮದುವೆ ಊಟವೂ ಸಿಕ್ಕಿತು. ತುಟ್ಟಿ ಟ್ಯಾಬಿಗೆ ಈಗ ಬದನೆಕಾಯಿ ಖಣದ ಗವಸು. ಅದನ್ನು ಮುಟ್ಟಲು ನನಗೆ ಅಪ್ಪಣೆಯಿಲ್ಲ. ಸೋವಿಯದು ನನ್ನ ಪಾಲಿಗೆ ಬಂದಿದೆ. ಅದನ್ನು ಯಾರಿಗಾದರೂ ದಾಟಿಸಿಬಿಡಬೇಕೆಂದು ದಿನವೂ ಚಪ್ಪಲಿ ಮೆಟ್ಟುತ್ತೇನೆ. ಹೊಸ್ತಿಲಲ್ಲಿ ನಿಂತು, ಮದುವೆಯಲ್ಲಿ ಅದರಿಂದಲೇ ತೆಗೆಸಿಕೊಂಡ ಫೋಟೋ ಒಮ್ಮೆ ನೋಡಿ ಒಳಗೆ ಬರುತ್ತೇನೆ. ಅದರಲ್ಲಿ ನನ್ನ ನರೆತ ತಲೆಗೂದಲೂ ಕಪ್ಪಗಿದೆ.