ಅಧ್ಯಕ್ಷರ ಹರಕೆ

'ನಾವು' ಎಲ್ಲಿಗೆ ಮುಗಿಯುತ್ತೇವೆ, 'ಅವರು' ಎಲ್ಲಿಂದ ಶುರುವಾಗುತ್ತಾರೆ ಎಂದು ಜನ ಗೆರೆ ಎಳೆಯುವುದನ್ನು ನೋಡುವುದೇ ನನ್ನ ಉದ್ಯೋಗ. ಅದಕ್ಕೆ ಮಾನವಶಾಸ್ತ್ರ ಎಂದು ದೊಡ್ಡ ಹೆಸರು. ಹಿಮ ಬೀಳುವ ಊರುಗಳಲ್ಲೂ ನೋಡಿದ್ದೇನೆ, ಹಡಗುಕಟ್ಟೆಗಳಲ್ಲೂ ನೋಡಿದ್ದೇನೆ. ಗಂಡಸರು ಗೆರೆ ಎಳೆದು ಕೈ ಒರೆಸಿಕೊಳ್ಳುವಷ್ಟರಲ್ಲಿ ಯಾವಳೋ ಒಬ್ಬ ತಾಯಿ ಬಂದು ಅದರ ಮೇಲೆ ಮೆಣಸಿನಕಾಯಿ ಒಣಹಾಕಿರುತ್ತಾಳೆ. ಆದರೂ ಎಂಬತ್ತರ ದಶಕದಲ್ಲಿ ರಾಯಚೂರು ಸೀಮೆಯಲ್ಲಿ ನಕ್ಕಷ್ಟು ನಾನು ಬೇರೆಲ್ಲೂ ನಕ್ಕಿಲ್ಲ.

೧. ಸಂದರ್ಶನ

ರಾಯಚೂರಿನ ಸೈಕಲ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಹುಡುಗರ ಒಂದು ಸಂಘ ಸೇರುತ್ತಿತ್ತು. ಅಧ್ಯಕ್ಷ ಮಾನ್ವಿಯವನು, ರೇಡಿಯೋ ರಿಪೇರಿ ಮಾಡುವವನು. ಕಾರ್ಯದರ್ಶಿ ದೇವದುರ್ಗದವನು. ಖಜಾಂಚಿ ಊರಿನವನೇ. ಹೆಚ್ಚುಕಮ್ಮಿ ಎಲ್ಲರೂ ಕುರಿ ಕಾಯುವ ಮನೆಗಳ ಮಕ್ಕಳು, ಆ ಮನೆಗಳಲ್ಲಿ ಮೊದಲು ಪ್ಯಾಂಟು ಹಾಕಿದವರು. ದೇಶ ಗಟ್ಟಿಯಾಗಬೇಕಾದರೆ ಮುಸಲ್ಮಾನರಿಂದ ದೂರ ಇರಬೇಕು ಎಂದು ಎಲ್ಲಿಂದಲೋ ಕಲಿತು ಬಂದಿದ್ದರು. ಎಲ್ಲಿಂದ, ಯಾಕೆ ಎಂದು ಕೇಳಲು ನಾನು ಪ್ರಶ್ನೆಗಳನ್ನು ಹೊಂದಿಸಿಕೊಂಡು ಹೋದೆ.

"ಕೂಡ್ರಿ ಯಕ್ಕಾರ. ಯಾವೂರು?" ಅಧ್ಯಕ್ಷನೇ ಶುರು ಮಾಡಿದ.

"ಹುಟ್ಟಿದ್ದು ಧಾರವಾಡ. ಈಗ ಕೆಲಸ ಎಲ್ಲೋ ಅಲ್ಲೇ ಊರು."

"ಲಗ್ನ?"

"ಆಗಿತ್ತು."

"ಮತ್ತ ಯಜಮಾನ್ರು?"

"ಅವರಿಗೆ ಒಂದೇ ಊರಲ್ಲಿರೋದು ಇಷ್ಟ."

ಖಜಾಂಚಿ ಮೆಲ್ಲಗೆ, "ಪಾಪ, ಅಡಿಗಿ ಯಾರು ಮಾಡಿ ಹಾಕ್ತಾರ್ರಿ ನಿಮಗ?" ಎಂದ.

ಚಹಾ ಮುಗಿಯುವುದರೊಳಗೆ ನನ್ನ ಕುಲ, ಸಂಬಳ, ಸಂಸಾರ ಎಲ್ಲ ಸಂಘಕ್ಕೆ ತಿಳಿದಿತ್ತು. ಸಂಘದ ಬಗ್ಗೆ ನನಗೆ ತಿಳಿದದ್ದು, ಇವರು ಚಹಾವನ್ನು ಬಸಿಗೆ ಸುರಿದು ಕುಡಿಯುತ್ತಾರೆ ಎಂಬುದೊಂದೇ.

೨. ದಂಡು

ದೇವದುರ್ಗದ ಹೊರಗಿನ ಬಯಲಲ್ಲಿ ಕವಾಯತು. ಹೆಗಲ ಮೇಲೆ ಬಡಿಗೆ ಹೊತ್ತ ಹುಡುಗರು ಸಾಲಾಗಿ ನಿಂತಿದ್ದರು. ಕಾರ್ಯದರ್ಶಿಯ ಕೊರಳಲ್ಲಿ ಹೊಳೆಯುವ ಸೀಟಿ.

"ಶತ್ರು ಬಂದ್ರ ಎದಿ ಕೊಡಬೇಕು, ಸಾಲು ಬಿಡಬಾರದು!" ಎಂದು ಅವನು ಕೂಗುತ್ತಿದ್ದ ಹೊತ್ತಿಗೆ ಗಬ್ಬೂರು ದಾರಿಯಿಂದ ಒಂದು ಕುರಿಹಿಂಡು ಬಂತು. ಹಿಂದೆ ಒಬ್ಬನೇ ಮುದುಕ. ಪಕ್ಕದ ಜೋಳದ ಹೊಲ ಕಂಡದ್ದೇ ಹಿಂಡು ಅತ್ತ ನುಗ್ಗಿತು.

ದಂಡು ಒಂದು ಗಳಿಗೆ ತಡೆದುಕೊಂಡಿತು. ಆಮೇಲೆ ಎಲ್ಲರೂ ಬಡಿಗೆ ಎತ್ತಿಕೊಂಡು ನಾಲಿಗೆ ಲೊಟಗುಟ್ಟಿಸುತ್ತ, ಅಡ್ಡಡ್ಡ ಓಡಿ ಕುರಿ ತರುಬತೊಡಗಿದರು. ಯಾರು ಯಾವ ಮೂಲೆ ಹಿಡಿಯಬೇಕೆಂದು ಯಾರೂ ಯಾರಿಗೂ ಹೇಳಲಿಲ್ಲ. ಅಷ್ಟು ಅಚ್ಚುಕಟ್ಟಾದ ಕವಾಯತು ನಾನು ಯಾವ ದೇಶದ ಸೈನ್ಯದಲ್ಲೂ ಕಂಡಿಲ್ಲ.

ಕಾರ್ಯದರ್ಶಿ ಸಿಟ್ಟಿಗೆದ್ದು ಉಸಿರು ಕಟ್ಟಿ ಸೀಟಿ ಊದಿದ. ಕುರಿಗಳು ನಿಂತವು. ದಂಡು ನಿಲ್ಲಲಿಲ್ಲ.

ಮುದುಕ ಹತ್ತಿರ ಬಂದು ಅವನ ಬೆನ್ನು ಸವರಿದ. "ಭಾಳ ಚಲೋ ಸೀಟಿ ಹೊಡಿತೀಪಾ. ನಾಳಿಗೂ ಬಾ."

೩. ಠರಾವು

ಮೊಹರಂ ಹತ್ತಿರವಾಯಿತು. ಅಲ್ಲಿಯವರಿಗೆ ಅದು ಅಲಾಯಿ ಹಬ್ಬ. ಬೆಳ್ಳಿ ಹಸ್ತದ ದೇವರು ಪೀರಪ್ಪನನ್ನು ಕೂಡಿಸುವವರು ಮುಸಲ್ಮಾನರು, ಅವನಿಗೆ ಹರಕೆ ಹೊರುವವರು ಎಲ್ಲರೂ. ಉಳಿಯದ ಕೂಸನ್ನು ಅವನ ಮುಂದೆ ಹಾಕಿ 'ನಿನ್ನ ಫಕೀರ' ಎಂದು ಬೇಡಿಕೊಳ್ಳುತ್ತಾರೆ. ಉಳಿದರೆ ಆ ಮಗ ವರ್ಷಾವರ್ಷ ಹಬ್ಬದಲ್ಲಿ ಕೊರಳಿಗೆ ಕೆಂಪು ದಾರ, ಹೆಗಲಿಗೆ ಜೋಳಿಗೆ ಹಾಕಿಕೊಂಡು ಐದು ಮನೆ ಬೇಡಿ, ಪೀರಪ್ಪನ ಪೂಜಾರಿಯಾದ ಮುಜಾವರನಿಂದ ಸಕ್ಕರೆಯ ಮೇಲೆ ದುವಾ ಓದಿಸಬೇಕು.

ಸಂಘ ಠರಾವು ಮಾಡಿತು: ನಮ್ಮವರು ಯಾರೂ ಅಲಾಯಿಗೆ ಹೋಗಕೂಡದು, ಹೋದವರು ಸಂಘದಲ್ಲಿರಕೂಡದು. ಎಲ್ಲರೂ ಒಪ್ಪಿದರು.

ಮರುದಿನ ಮಾನ್ವಿಯಲ್ಲಿ ಅಧ್ಯಕ್ಷನ ಮನೆಗೆ ಹೋದರೆ ಅವನ ತಾಯಿ ಉಣ್ಣದೆ ಗೋಡೆಗೆ ಮುಖ ಮಾಡಿ ಕೂತಿದ್ದಳು.

"ನಿನಗಿಂತ ಮುಂಚೆ ಎರಡು ಕೂಸು ಕಳಕೊಂಡಿದ್ದೆ. ನಿನಗೂ ಹಾಲು ದಕ್ಕವಲ್ದಾಗಿತ್ತು. ಪೀರಪ್ಪಗ ಅಂದೆ, ಇವನ್ನ ಉಳಿಸು, ಲಗ್ನ ಆಗೋತನಕ ನಿನ್ನ ಫಕೀರ ಮಾಡ್ತೀನಂತ. ಅವಾಗ ನಿನ್ನ ಸಂಘ ಎಲ್ಲಿತ್ತಲೇ?"

"ಯವ್ವಾ, ಹೋದ್ರ ನಾ ಅಧ್ಯಕ್ಷ ಇರಂಗಿಲ್ಲ ಬೇ."

"ಹೋಗಲಿಲ್ಲಂದ್ರ ನೀನ ಇರಂಗಿಲ್ಲ!"

ಭಾಷಣದಲ್ಲಿ ಯಾರಿಗೂ ಹೆದರದವನು ಇದಕ್ಕೆ ಹೆದರಿದ್ದ. ಹೆದರಿದ್ದೇನೆಂದು ನಾಲ್ಕು ಜನರ ಮುಂದೆ ಹೇಳುವುದಕ್ಕೂ ಹೆದರಿದ್ದ. ಮುದುಕಿ ನನ್ನ ಕಡೆ ತಿರುಗಿದಳು. "ನೀ ದೇಶ ತಿರುಗಿದಾಕಿ, ಹೇಳು ತಂಗಿ. ಸಂಘಕ್ಕ ಬ್ಯಾರೆ ಅಧ್ಯಕ್ಷ ಸಿಗ್ತಾನ. ನನಗ ಬ್ಯಾರೆ ಮಗ ಎಲ್ಲಿ ಸಿಗ್ತಾನ?"

ಮಗ ತಡೆದು ತಡೆದು, "ಹಂಗಾರ ಲಗೂನ ಲಗ್ನರ ಮಾಡಿಬಿಡು, ಹರಕಿ ತೀರಿಹೋಗ್ತದ," ಎಂದ.

"ದಿನಾ ಮುಂಜಾನಿ ಬಡಿಗಿ ಹಿಡಕೊಂಡು ಓಡ್ಯಾಡಾವಗ," ಎಂದಳು ತಾಯಿ, "ಹೆಣ್ಣು ಯಾರು ಕೊಡ್ತಾರ?"

೪. ಯಾಪಲದಿನ್ನಿ

ಕೊನೆಗೆ ದಾರಿ ಹುಡುಕಿದ್ದು ಅವನೇ. ಹರಕೆ ಹರಕೆಯೇ, ಊರು ಯಾವುದಾದರೇನು? ಯಾಪಲದಿನ್ನಿಯಲ್ಲಿ ಸಂಘಕ್ಕೆ ಒಬ್ಬ ಸದಸ್ಯನೂ ಇಲ್ಲವೆಂದು ಹಿಂದಿನ ಸಭೆಯಲ್ಲಿ ಅವನೇ ನೊಂದುಕೊಂಡಿದ್ದ. ಅಲ್ಲಿ ಗುರ್ತು ಹಿಡಿಯುವವರು ಯಾರು?

ಹಬ್ಬದ ಮುಂಜಾನೆ ಅವನು, ಅವನ ತಾಯಿ, ನಾನು ರಾಯಚೂರಿನಿಂದ ಬಸ್ಸು ಹತ್ತಿದೆವು. ಅವನು ಮುಖ ತುಂಬ ಟವೆಲು ಸುತ್ತಿಕೊಂಡಿದ್ದ. ಪಕ್ಕದ ಹೆಂಗಸು "ಹಲ್ಲು ಬ್ಯಾನೇನಪ್ಪಾ? ಲವಂಗ ಕಡಿ," ಎಂದು ದಾರಿಯುದ್ದಕ್ಕೂ ಉಪಚಾರ ಮಾಡಿದಳು. ಇಳಿದ ಮೇಲೆ ಬೇವಿನ ಮರದ ಮರೆಯಲ್ಲಿ ತಾಯಿ ಅವನ ಕೊರಳಿಗೆ ಕೆಂಪು ದಾರ ಕಟ್ಟಿದಳು. ಅಷ್ಟೆತ್ತರದ ಮಗ ಶಾಲೆಗೆ ಹೊರಟ ಹುಡುಗನಂತೆ ಬಗ್ಗಿ ನಿಂತ. ಅವಳು ಕಣ್ಣೊರೆಸಿಕೊಂಡಳು. ನಾನು ಬೇವಿನ ಮರ ನೋಡುತ್ತ ನಿಂತೆ.

ಮೊದಲ ಮನೆಯ ಬಾಗಿಲಲ್ಲಿ ಆಗಲೇ ಒಬ್ಬ ಫಕೀರ ಜೋಳಿಗೆ ಒಡ್ಡಿದ್ದ. ಜೋಳ ಹಾಕಿಸಿಕೊಂಡು ತಿರುಗಿದ. ಠರಾವು ಬರೆದ ಕಾರ್ಯದರ್ಶಿ!

ಅಧ್ಯಕ್ಷ ತನ್ನ ಜೋಳಿಗೆಯನ್ನು ಬೆನ್ನ ಹಿಂದೆ ಸರಿಸಿದ.

"ನೀ ಇಲ್ಲಿ?"

"ಇಲ್ಲಿ ನಮ್ಮವ್ರು ಯಾರೂ ಇಲ್ಲಂತ ನೀವ ಅಂದಿದ್ರಲ್ರೀ."

ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಖಜಾಂಚಿ ಕಂಡ. ನಮ್ಮನ್ನು ನೋಡಿ ಹಿಂದಕ್ಕೆ ಓಡಿದವನು, ಎದುರಿಗೆ ಬರುತ್ತಿದ್ದ ಇನ್ನಿಬ್ಬರು ಪದಾಧಿಕಾರಿಗಳಿಗೆ ಡಿಕ್ಕಿ ಹೊಡೆದ. ಅವರ ಕೊರಳಲ್ಲೂ ಕೆಂಪು ದಾರ. ಹಿಂದೆ ತಾಯಂದಿರು. "ನಿಮ್ಮವನೂ ದಕ್ಕಿದ್ದಿಲ್ಲೇನ್ರೀ?" ಎನ್ನುತ್ತ ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಚೀಲ ಬಿಚ್ಚಿದರು.

ಐದು ಮನೆ ಬೇಡಿ, ಸಕ್ಕರೆ ಓದಿಸಲು ಕೊಟ್ಟು, ಪೀರಪ್ಪನ ಗುಡಿಯ ಮುಂದೆ ಫಕೀರರೆಲ್ಲ ತಲೆ ತಗ್ಗಿಸಿ ಕೂತರು. ಠರಾವಿನ ಪ್ರಕಾರ ಈಗ ಸಂಘದಲ್ಲಿ ಪದಾಧಿಕಾರಿ ಎಂಬುವರು ಯಾರೂ ಉಳಿದಿರಲಿಲ್ಲ. ಅಧ್ಯಕ್ಷ ಗಂಟಲು ಸರಿಮಾಡಿಕೊಂಡ.

"ಎಲ್ಲಾರೂ ಅದೀವಿ. ಸಭಾ ಇಲ್ಲೇ ನಡಸೋಣು. ಆ ಠರಾವು ರದ್ದು ಅನ್ನೋರು ಕೈ ಎತ್ರಿ."

ಎಲ್ಲ ಕೈಗಳೂ ಒಟ್ಟಿಗೆ ಎದ್ದವು. ಸಕ್ಕರೆ ಓದಿ ಮುಗಿಸಿದ ಮುದುಕ ಮುಜಾವರ ಅದೇ ಹೊತ್ತಿಗೆ ತಟ್ಟೆ ಹಿಡಿದು ಹೊರಗೆ ಬಂದ. ಎತ್ತಿದ ಕೈಗಳೆಲ್ಲ ಸಕ್ಕರೆಗೇ ಎಂದುಕೊಂಡ.

"ಅರೇ, ಅಷ್ಟು ಅವಸರ ಯಾಕ ಬೇಟಾ, ಎಲ್ಲಾರಿಗೂ ಅದ," ಎನ್ನುತ್ತ ಒಂದೊಂದೇ ಕೈಯನ್ನು ಕೆಳಗಿಳಿಸಿ ಸಕ್ಕರೆ ತುಂಬಿದ.

"ವಿರೋಧ ಇದ್ದವ್ರು ಹೇಳ್ರಿ," ಎಂದ ಅಧ್ಯಕ್ಷ.

ಎಲ್ಲರ ಬಾಯಲ್ಲೂ ಸಕ್ಕರೆ.